ಚೊಂಬಿನ ನೀರು ಹರಿದ ಕಡೆ

ಯಾವ ಹೊಸ ಜಾಗಕ್ಕೆ ಹೋದರೂ ಅವರು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಕೈಯಲ್ಲಿದ್ದ ಹಿತ್ತಾಳೆ ಚೊಂಬಿನಿಂದ ಒಂದಿಷ್ಟು ನೀರನ್ನು ನೆಲಕ್ಕೆ ಸುರಿದು, ಅದು ಎತ್ತ ಹರಿಯುತ್ತದೆಂದು ನಿಂತು ನೋಡುವುದು. ಮದುವೆಮನೆಯಲ್ಲೂ ಇದೇ, ಸಾವಿನ ಮನೆಯಲ್ಲೂ ಇದೇ. ಕಂಡವರು ಏನೋ ವ್ರತವಿರಬೇಕು ಎಂದುಕೊಳ್ಳುತ್ತಿದ್ದರು. ನಾನಂತೂ ಮೊದಲ ದಿನವೇ ಇವರಿಗೆ ತಲೆ ಸ್ವಲ್ಪ ಸಡಿಲ ಎಂದು ತೀರ್ಮಾನಿಸಿಬಿಟ್ಟಿದ್ದೆ. ಈ ಸಲ ಯುಗಾದಿಯ ಮರುದಿನ ಅವರ ಮಗ ಸೈಕಲ್ಲಿನಲ್ಲಿ ನಮ್ಮ ಬೈಯಪ್ಪನಹಳ್ಳಿಯ ತನಕ ಬಂದು, “ಅಪ್ಪ ಹೋಗ್ಬಿಟ್ರು” ಎಂದಾಗ ನನ್ನ ಕಣ್ಣಮುಂದೆ ಮೊದಲು ಬಂದದ್ದು ಆ ಚೊಂಬು.

ಯುದ್ಧದ ಕಾಲದಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಹಳೆಯ ಬಂಗಲೆಯಲ್ಲಿ ನಾವಿಬ್ಬರೂ ಒಂದೇ ಕಚೇರಿಯಲ್ಲಿದ್ದೆವು. ಸೈನ್ಯದ ಬಿಡಾರಕ್ಕೆ, ಗೋದಾಮಿಗೆ ಎಷ್ಟು ನೆಲ ಬೇಕೋ ಗುರುತಿಸಿ, ಅಲ್ಲಿದ್ದವರಿಗೆ ನೋಟೀಸು ಕೊಟ್ಟು ವಶಕ್ಕೆ ತೆಗೆದುಕೊಳ್ಳುವುದು ಆ ಕಚೇರಿಯ ಕೆಲಸ. ನಾನು ಗುಮಾಸ್ತ. ಮೂವತ್ತು ದಾಟಿತ್ತು, ಇಬ್ಬರು ಮಕ್ಕಳಿದ್ದರು, ಯಾವುದರಲ್ಲೂ ವಿಶೇಷ ಆಸಕ್ತಿ ಇರಲಿಲ್ಲ. ಅವರು ನಕ್ಷೆ ಬರೆಯುವವರು. ವಯಸ್ಸಿನಲ್ಲಿ ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿಸಿಕೊಂಡು ಊರೂರು ಅಳೆದು, ಆಮೇಲೆ ನಕ್ಷೆಯ ಮೇಜಿಗೆ ಬಂದು, ನಿವೃತ್ತರಾಗಿ ಹಲಸೂರಿನ ಮನೆಯಲ್ಲಿ ಹೂಗಿಡಕ್ಕೆ ಪಾತಿ ಮಾಡಿಕೊಂಡು ಕೂತಿದ್ದವರನ್ನು ಯುದ್ಧ ಮತ್ತೆ ಕೆಲಸಕ್ಕೆ ಎಳೆದು ತಂದಿತ್ತು. ಕಚೇರಿಯಲ್ಲಿ ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ನೋಡಲಿಲ್ಲ, ಇಲ್ಲೂ ಹೆಸರು ಬರೆಯುವುದಿಲ್ಲ.

ಅವರ ಮೇಜಿನ ಮೇಲೆ ರಬ್ಬರ್ ಇರಲಿಲ್ಲ. ಕಪ್ಪು ಶಾಯಿ, ಕೆಂಪು ಶಾಯಿ, ಬ್ಲೇಡಿನಿಂದ ಹೆರೆದು ಸೂಜಿಯಂತೆ ಮಾಡಿದ ನಾಲ್ಕು ಪೆನ್ಸಿಲು, ಅಷ್ಟೆ. ಒಂದು ಸಲ ನಾನು ನನ್ನ ರಬ್ಬರನ್ನು ಅವರ ಕಡೆ ಚಾಚಿದೆ.

“ಬೇಡ್ರೀ. ಅಳಿಸೋಕೆ ಆಗುತ್ತೆ ಅಂತ ಗೊತ್ತಿದ್ರೆ ಕೈ ಸೋಮಾರಿ ಆಗುತ್ತೆ” ಎಂದರು.

“ತಪ್ಪಾದ್ರೆ?”

“ಇಷ್ಟು ವರ್ಷದಲ್ಲಿ ಆಗಿಲ್ಲ.”

ಜಂಬದಿಂದ ಹೇಳಿದ್ದಲ್ಲ, ಇವತ್ತು ಮಂಗಳವಾರ ಎನ್ನುವ ಹಾಗೆ ಹೇಳಿದರು. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು ಬಂತು.

ಅವರ ಬೆನ್ನ ಹಿಂದಿನ ಗೋಡೆಗೆ ಅವರೇ ಬರೆದ ಒಂದು ನಕ್ಷೆ ತೂಗುಹಾಕಿತ್ತು. ಅದರಲ್ಲಿ ರಸ್ತೆ ಇರಲಿಲ್ಲ, ಬ್ಯಾರಕ್ಕು ಇರಲಿಲ್ಲ, ನಮ್ಮೂರಿನ ಪಕ್ಕ ಹಾದುಹೋಗುವ ರೈಲು ಕೂಡ ಇರಲಿಲ್ಲ. ಬರೀ ನೀಲಿ ಗೆರೆ, ನೀಲಿ ಮಚ್ಚೆ. ಹಲಸೂರು ಕೆರೆಯಿಂದ ಹೊರಟ ಗೆರೆ ದೊಮ್ಮಲೂರಿನ ಮಗ್ಗುಲಲ್ಲಿ ಇಳಿದು ಬೆಳ್ಳಂದೂರು ಕೆರೆ ಸೇರುತ್ತಿತ್ತು. ಬೆಳ್ಳಂದೂರು ತುಂಬಿ ಕೋಡಿ ಬಿದ್ದದ್ದು ವರ್ತೂರಿಗೆ, ವರ್ತೂರಿನಲ್ಲಿ ಹೆಚ್ಚಾದದ್ದು ದಕ್ಷಿಣ ಪಿನಾಕಿನಿಗೆ. ಎಡಬಲದಿಂದ ಸಣ್ಣ ಸಣ್ಣ ಕೆರೆಗಳ ಗೆರೆಗಳು ಬಂದು ಅದಕ್ಕೆ ಕೂಡಿಕೊಳ್ಳುತ್ತಿದ್ದವು.

“ಪುಸ್ತಕದಲ್ಲಿ ನದಿ ಅಂದ್ರೆ ಹರಿಯೋದು ಅಂತ ಬರೆದಿರ್ತಾರೆ. ನಮ್ಮದು ಮಳೆ ಬಂದಾಗ ನಾಲ್ಕು ದಿನ ಹರಿಯುತ್ತೆ, ಮಿಕ್ಕಿದ್ದೆಲ್ಲ ಕೆರೆಗಳಲ್ಲಿ ಕೂತಿರುತ್ತೆ. ಇದು ಕೂತಿರೋ ನದಿ ಕಣ್ರೀ. ಕೂತಿದ್ದಕ್ಕೇ ಅದರ ಪಕ್ಕ ಜನಾನೂ ಕೂತ್ರು” ಎನ್ನುತ್ತಿದ್ದರು.

ಕಚೇರಿಗೆ ಯಾರೇ ಬರಲಿ, ಅವರು ಊರು ಯಾವುದೆಂದು ಕೇಳುತ್ತಿರಲಿಲ್ಲ, ಯಾವ ಕೆರೆಯ ಕೆಳಗಿನವರು ಎಂದು ಕೇಳುತ್ತಿದ್ದರು. ನಮ್ಮ ಜವಾನ ಆರ್ಮುಗಂ ಬ್ಲಾಕ್‌ಪಳ್ಳಿಯವನು, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹುಟ್ಟಿ ಬೆಳೆದವನು. ಅವನನ್ನೂ ಬಿಡಲಿಲ್ಲ.

“ನಿಮ್ಮನೆ ಬಚ್ಚಲು ನೀರು ಎತ್ತ ಹೋಗುತ್ತೋ?”

“ರೋಡ್‌ಗೆ ಹೋಗ್ತದೆ ಐಯಾ.”

“ರೋಡಿಂದ?”

“ಪಕ್ಕದ ಮನೆಯವ್ರು ಬೈತಾರೆ, ಅಲ್ಲೇ ನಿಲ್ಲಿಸ್ಬಿಡ್ತೀನಿ.”

ಕಚೇರಿಯೆಲ್ಲ ನಕ್ಕಿತು. ಯಜಮಾನರು ಮಾತ್ರ ಗಂಭೀರವಾಗಿ ಎದ್ದು, ಆ ಬಚ್ಚಲ ನೀರು ಯಾವ ಮೋರಿ ಹಿಡಿದು ಯಾವ ಕೆರೆಗೆ ಹೋಗಬೇಕೆಂದು ನಕ್ಷೆಯಲ್ಲಿ ತೋರಿಸಿದರು. ಆರ್ಮುಗಂ ಅಂದಿನಿಂದ ಅವರ ಶಿಷ್ಯ. ಚೊಂಬಿಗೆ ನೀರು ತುಂಬಿಡುವುದು ತನ್ನದೇ ಹಕ್ಕು ಎಂಬಂತೆ ನಡೆದುಕೊಂಡ.

ಭಾನುವಾರ ಬಂದರೆ ನನಗೆ ಕಷ್ಟ. ಹೆಂಡತಿಗೆ ಸೌದೆ ಒಡೆದುಕೊಡುವುದು ತಪ್ಪಿಸಿಕೊಳ್ಳಲು ಒಂದು ಸಲ ಅವರ ಜೊತೆ ನಡೆಯಲು ಒಪ್ಪಿಕೊಂಡೆ. ಆಮೇಲೆ ಬಿಡಿಸಿಕೊಳ್ಳಲು ಆಗಲಿಲ್ಲ. ಹಲಸೂರು ಕೆರೆ ಏರಿಯಿಂದ ಹೊರಟರೆ ನೀರಿನ ಜಾಡು ಹಿಡಿದು ಬೆಳ್ಳಂದೂರಿನ ತನಕ. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋದರೂ ನಿಲ್ಲುತ್ತಿರಲಿಲ್ಲ. ಪ್ರತಿ ಊರಿನಲ್ಲೂ ವಯಸ್ಸಾದವರನ್ನು ಹುಡುಕಿ ಒಂದೇ ಪ್ರಶ್ನೆ ಕೇಳುವರು: “ನಿಮ್ಮೂರು ಮೊದಲು ಎಲ್ಲಿತ್ತು?” ಊರು ಇದ್ದಲ್ಲೇ ಇರುತ್ತದಲ್ಲ, ಇದೆಂಥ ಪ್ರಶ್ನೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಪ್ರತಿ ಮುದುಕನೂ ಕೈ ಎತ್ತಿ ಎಲ್ಲೋ ಒಂದು ಕಡೆ ತೋರಿಸುತ್ತಿದ್ದ. ಕೋಡಿ ನೀರು ನುಗ್ಗಿ ಬಿಟ್ಟದ್ದು, ಪ್ಲೇಗು ಬಂದು ಬಿಟ್ಟದ್ದು, ಅಣ್ಣತಮ್ಮಂದಿರು ಬೇರೆಯಾಗಿ ಏರಿಯ ಆಚೆ ಹೋದದ್ದು. ಮೊದಲು ಕೆರೆ, ಆಮೇಲೆ ಏರಿಯ ಕೆಳಗೆ ಗದ್ದೆ, ಗದ್ದೆಗೂ ರಾಗಿ ಹೊಲಕ್ಕೂ ನಡುವೆ ನೀರು ನುಗ್ಗದ ಒಂದು ದಿಬ್ಬ, ಆ ದಿಬ್ಬದ ಮೇಲೆ ಊರು. ಈ ಕಣಿವೆಯ ಊರುಗಳೆಲ್ಲ ಹೀಗೇ ಕೂತದ್ದು ಎನ್ನುತ್ತಿದ್ದರು. ದಂಡು ಮಾತ್ರ ನೀರು ನೋಡದೆ ಎತ್ತರ ನೋಡಿ ಕೂತದ್ದಂತೆ, ಅದಕ್ಕೇ ಅದರ ಮಕ್ಕಳು ಇವತ್ತಿಗೂ ನಲ್ಲಿಯ ಮುಂದೆ ಜಗಳವಾಡುತ್ತಾರಂತೆ.

ಊರಿನ ನಡುವೆ ಇರುವ ಕರಗಲ್ಲನ್ನು ನನಗೆ ತೋರಿಸಿಕೊಟ್ಟವರೂ ಅವರೇ. ಊರು ಕಟ್ಟುವ ದಿನ ಮೊಟ್ಟಮೊದಲು ನೆಡುವ ಕಲ್ಲು ಅದು. ನಮ್ಮೂರಿನದರ ಮೇಲೆ ನಾನು ಹದಿನೈದು ವರ್ಷ ಕಾಲು ಚಾಚಿ ಕೂತು ಬೀಡಿ ಸೇದಿದ್ದೆ.

ಇಂಥ ಮನುಷ್ಯನ ಕೈಯಲ್ಲಿ ಆ ತಪ್ಪು ಆದದ್ದು ಹೇಗೆ ಎಂದು ಈಗಲೂ ನನಗೆ ಒಮ್ಮೊಮ್ಮೆ ಆಶ್ಚರ್ಯವಾಗುತ್ತದೆ.

ಯುದ್ಧ ಜೋರಾಗಿದ್ದ ವರ್ಷ, ಬೆಳ್ಳಂದೂರಿನ ಕೆಳಗಿನ ಒಂದು ತುಂಡು ನೆಲ ಸೈನ್ಯದ ಗೋದಾಮುಗಳಿಗೆ ಬೇಕೆಂದು ಆದೇಶ ಬಂತು. ಅದರೊಳಗೆ ಗೋಣಿಸಂದ್ರ ಎಂಬ ಸಣ್ಣ ಊರು. ನಮ್ಮ ಕಚೇರಿಯ ನಿಯಮ ಸರಳವಾಗಿತ್ತು. ಸರ್ವೆ ಪುಸ್ತಕದಲ್ಲಿ ಜನ ಇರುವ ಊರು ಎಂದಿದ್ದರೆ ಅಲ್ಲಿಯವರಿಗೆ ಹತ್ತಿರದಲ್ಲೇ ಬೇರೆ ಜಾಗ ಕೊಟ್ಟು ಎಬ್ಬಿಸಬೇಕು. ಸರ್ವೆ ಆದಮೇಲೆ ಬಂದು ಗುಡಿಸಲು ಹಾಕಿದವರಾದರೆ ಜಾಗವಿಲ್ಲ, ಹದಿನೈದು ದಿನದ ನೋಟೀಸು, ಅಷ್ಟೆ. ಪುಸ್ತಕ ತೆಗೆದು ನೋಡಿದೆ. ಗೋಣಿಸಂದ್ರದ ಮುಂದೆ ಬೇಚಿರಾಕ್ ಎಂದಿತ್ತು. ದೀಪವಿಲ್ಲದ ಊರು ಎಂದು ಅದರ ಅರ್ಥ. ಹೆಸರು ಉಂಟು, ಮನೆ ಇಲ್ಲ, ಜನ ಇಲ್ಲ. ಕೆಲಸ ಹಗುರವಾಯಿತೆಂದು ಖುಷಿಯಾಗಿ ಹದಿನೈದು ದಿನದ ನೋಟೀಸು ಬರೆದೆ. ಆರ್ಮುಗಂ ಹೋಗಿ ಅಲ್ಲಿನ ಹುಣಸೆಮರಕ್ಕೆ ಅಂಟಿಸಿ ಬಂದ. ಅಲ್ಲಿ ಜನ ಇದ್ದಾರೆ ಎಂದು ಅವನು ಹೇಳಿದ್ದನಂತೆ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ನಾಲ್ಕನೇ ದಿನ ಗೋಣಿಸಂದ್ರದವರು ಆರೇಳು ಜನ ಬಂದು ವೆರಾಂಡದಲ್ಲಿ ನಿಂತರು. ಮುಂದೆ ನಿಂತವಳು ಮುನಿಯಮ್ಮ ಎಂಬ ಅರವತ್ತರ ಹೆಂಗಸು. ಗಂಡಸರು ಅವಳ ಹಿಂದೆ ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದರು.

“ಏನ್ ಸ್ವಾಮಿ, ನಾವು ಇಲ್ಲ ಅಂತ ಮರಕ್ಕೆ ಚೀಟಿ ಅಂಟ್ಸಿದ್ದೀರಂತೆ? ನಾವ್ ಇಲ್ದಿದ್ರೆ ಇಲ್ಲಿ ನಿಂತಿರೋದು ಯಾರು?”

“ಅಮ್ಮಾ, ರೆಕಾರ್ಡಲ್ಲಿ ನಿಮ್ಮೂರು ಬೇಚಿರಾಕ್ ಅಂತ ಇದೆ. ದೀಪ ಇಲ್ಲದ ಊರು ಅಂತ. ನಾನೇನ್ ಮಾಡ್ಲಿ?”

“ದೀಪ ಇಲ್ವಾ? ನಿಮ್ಮಜ್ಜಿ ಹುಟ್ಟೋಕ್ ಮುಂಚೇನೇ ನಮ್ಮಟ್ಟೀಲಿ ದೀಪ ಉರೀತಿತ್ತು. ಈ ಪುಸ್ತಕ ಬರ್ದೋನ್ನ ಕರೀರಿ, ನಾನ್ ಕೇಳ್ತೀನಿ.”

ನಾನು ಕುರ್ಚಿಯಲ್ಲೇ ಕೂತು, ಕಂದಾಯ ಯಾವ ಊರಿನ ಹೆಸರಲ್ಲಿ ಕಟ್ಟುತ್ತೀರಿ ಎಂದು ದಬಾಯಿಸಿದೆ. ಪಕ್ಕದ ದೊಡ್ಡ ಊರಿನ ಪಟೇಲರ ಕೈಗೆ ಕೊಡುತ್ತಿದ್ದರಂತೆ. ಅದಕ್ಕೇ ಇಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ನನ್ನ ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಯಜಮಾನರು ಬೀರುವಿನಿಂದ ಆ ಊರಿನ ಮೂಲ ನಕ್ಷೆ ತೆಗೆದು, ಮೂಲೆಯಲ್ಲಿದ್ದ ಸಣ್ಣ ಸಹಿಯನ್ನು ನೋಡುತ್ತಾ ನಿಂತಿದ್ದರು. ಆಮೇಲೆ ವೆರಾಂಡಕ್ಕೆ ಬಂದರು.

“ತಾಯೀ, ನಿಮ್ಮೂರಲ್ಲಿ ಊರು ಖಾಲಿ ಮಾಡೋ ಪದ್ಧತಿ ಏನಾದ್ರೂ ಇದೆಯಾ?”

“ಹೊರಬೀಡು ಐತಲ್ಲ ಸ್ವಾಮಿ. ಯುಗಾದಿ ಕಳೆದು ಎರಡನೇ ಮಂಗಳವಾರ. ಅವತ್ತು ಊರು ಅಮ್ಮನ್ದು. ಹೊತ್ತುಟ್ಟೋ ಮುಂಚೆ ಒಲೆ ಆರ್ಸಿ, ದನ ಕರ, ಕೋಳಿ ನಾಯಿ ಎಲ್ಲ ಹೊಡ್ಕೊಂಡು ತೋಪಿಗೆ ಹೋಗ್ತೀವಿ. ಬಾಗ್ಲಿಗೆ ಮುಳ್ಳು ಹಾಕ್ತೀವಿ. ಹೊತ್ತು ಮುಳುಗೋಗಂಟ ಒಂದು ನರಪಿಳ್ಳೆ ಒಳಗೆ ಕಾಲಿಡಂಗಿಲ್ಲ.”

ಯಜಮಾನರು ತಲೆಯಾಡಿಸಿದರು. “ಆ ಪುಸ್ತಕ ಬರೆದೋನು ನಾನೇ” ಎಂದರು.

ಮುನಿಯಮ್ಮ ಬೈಯುತ್ತಾಳೆಂದು ನಾನು ಕಾದೆ. ಅವಳು ಬೈಯಲಿಲ್ಲ. “ಹಂಗಾದ್ರೆ ನೀವೇ ಸರಿಮಾಡ್ಕೊಡಿ” ಎಂದು ಜನರನ್ನು ಕರೆದುಕೊಂಡು ಹೊರಟುಹೋದಳು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಯಜಮಾನರು ತಿನ್ನಲಿಲ್ಲ. ಹೊರಬೀಡಿನ ಮಾತು ನಾನು ಅಜ್ಜಿಯ ಬಾಯಲ್ಲಿ ಕೇಳಿದ್ದೆ, ನಮ್ಮೂರಿನಲ್ಲಿ ಅದು ನಿಂತು ಎಷ್ಟೋ ಕಾಲವಾಗಿತ್ತು. ಹಲಸೂರಿನಲ್ಲಿ ಹುಟ್ಟಿದವರಿಗೆ ಆ ವಯಸ್ಸಿನಲ್ಲಿ ಗೊತ್ತಿರದಿದ್ದರೆ ತಪ್ಪೇನು ಎಂದು ಸಮಾಧಾನ ಹೇಳಿದೆ.

“ಗೊತ್ತಿರಲಿಲ್ಲ, ನಿಜ. ಆದ್ರೆ ಕಣ್ಣಿತ್ತಲ್ಲ” ಎಂದರು. “ನಾನು ಅಳೆಯೋಕೆ ಹೋದದ್ದು ಆ ಹೊರಬೀಡಿನ ದಿನವೇ. ಮುಳ್ಳಿನ ಆಚೆ ನಿಂತು ಮೂರು ಸಲ ಕೂಗಿದೆ. ಸರಪಳಿ ಎಳೆಯೋರು ಒಳಗೆ ಹೋಗಲ್ಲ ಅಂತ ಹಟ ಹಿಡಿದ್ರು. ಅಲ್ಲಿಂದಲೇ ನೋಡಿದೆ. ಹೊಗೆ ಇಲ್ಲ, ನಾಯಿ ಇಲ್ಲ. ಆದ್ರೆ ಸಾರಿಸಿದ ಅಂಗಳ ಇನ್ನೂ ಹಸಿಯಾಗಿತ್ತು ಕಣ್ರೀ. ಜನ ಇಲ್ಲದ ಊರಲ್ಲಿ ಅಂಗಳ ಯಾರು ಸಾರಿಸ್ತಾರೆ? ನೋಡಿದೆ. ನೋಡಿಯೂ ಬರೆದೆ. ಆ ಹಾಳೆ ಅವತ್ತೇ ಮುಗಿಸಿ ಮನೆಗೆ ಹೋಗ್ಬೇಕಿತ್ತು.”

ನನಗೆ ಅವರನ್ನು ಉಳಿಸಬೇಕು ಅನ್ನಿಸಿತು. ಅದು ನಿಜವಾದ ಪ್ರೀತಿಯಿಂದಲೇ, ಈಗ ಹೇಳಿಕೊಳ್ಳಲು ನಾಚಿಕೆ ಇಲ್ಲ. ಒಂದು ಉಪಾಯ ಹೇಳಿದೆ. “ಸರ್ವೆ ಆದಾಗ ಊರು ಇರಲಿಲ್ಲ, ಆಮೇಲೆ ಬಂದು ಸೇರಿಕೊಂಡ್ರು ಅಂತ ಬರೆದ್ಬಿಡಿ. ಕೇಳೋರು ಯಾರು? ನಿಮ್ಮ ಹೆಸರು ಉಳಿಯುತ್ತೆ.”

“ನನ್ನದು ಉಳಿಯುತ್ತೆ. ಅವರದು?”

ಆಮೇಲೆ ಬಂದವರಿಗೆ ಜಾಗವಿಲ್ಲ. ನನಗೆ ಗೊತ್ತಿದ್ದ ನಿಯಮವೇ. ಬುತ್ತಿ ಮುಚ್ಚಿಟ್ಟೆ.

ಮರುದಿನ ಅವರು ನಮ್ಮ ಕಚೇರಿಯ ಮೇಲಧಿಕಾರಿಯಾಗಿದ್ದ ಇಂಗ್ಲಿಷ್ ದೊರೆಯ ಕೋಣೆಗೆ ಹೋಗಿ, ತಪ್ಪು ತಮ್ಮದೆಂದು ಬರೆದ ಕಾಗದ ಕೊಟ್ಟರು. ದೊರೆ ಕೆಟ್ಟವನಲ್ಲ, ಅವಸರದವನು. ಒಬ್ಬ ಮುದುಕನ ನೆನಪಿನ ಮೇಲೆ ಸೈನ್ಯದ ಕೆಲಸ ನಿಲ್ಲಿಸಲಾಗುವುದಿಲ್ಲ, ಊರು ಹಳೆಯದೆಂದು ಕಣ್ಣಿಗೆ ತೋರಿಸಿದರೆ ನಂಬುತ್ತೇನೆ ಎಂದ. ಮೂವರೂ ಜೀಪಿನಲ್ಲಿ ಗೋಣಿಸಂದ್ರಕ್ಕೆ ಹೋದೆವು. ಅವರ ಕನ್ನಡವನ್ನು ದೊರೆಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನದು.

ಇಪ್ಪತ್ತಮೂರು ಮನೆ. ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಜಮಾನರು ನೇರವಾಗಿ ಊರಿನ ನಡುವಿನ ಕರಗಲ್ಲಿನ ಹತ್ತಿರ ಹೋದರು. ಅರ್ಧ ನೆಲದಲ್ಲಿ ಹೂತು, ಎಣ್ಣೆ ಕುಡಿದು ಕಪ್ಪಾಗಿದ್ದ ಕಲ್ಲು. ಚೊಂಬಿನ ನೀರನ್ನು ಅದರ ಬುಡದಲ್ಲಿ ನಾಲ್ಕೂ ಕಡೆ ಸುರಿದರು. ನೀರು ನಾಲ್ಕೂ ಕಡೆಗೆ ಹರಿದು ಹೋಯಿತು, ಎಲ್ಲೂ ನಿಲ್ಲಲಿಲ್ಲ. ಸುತ್ತ ಸಮತಟ್ಟಾಗಿ ಕಾಣುತ್ತಿದ್ದ ಆ ಬಯಲಿನಲ್ಲಿ ಇದೊಂದೇ ದಿಬ್ಬ ಎಂದು ನನಗೂ ಆಗಲೇ ಗೊತ್ತಾದದ್ದು.

“ದೊರೆಗೆ ಹೇಳ್ರೀ. ಮೇಲಿನ ಕೆರೆ ಕೋಡಿ ಬಿದ್ದಾಗ ಈ ಬಯಲೆಲ್ಲ ನೀರು. ಇದೊಂದು ಜಾಗಕ್ಕೆ ನೀರು ಬರಲ್ಲ. ನಿನ್ನೆ ಮೊನ್ನೆ ಬಂದು ಗುಡಿಸಲು ಹಾಕೋನಿಗೆ ಇದು ಗೊತ್ತಾಗಲ್ಲ. ನಾಲ್ಕು ಮಳೆಗಾಲ ನೀರಲ್ಲಿ ನಿಂತು ನೋಡಿದೋರು ಹುಡುಕಿದ ಜಾಗ ಇದು. ಕೆರೆ ತೂಬು ನೋಡಿ, ಇವರ ಗದ್ದೆಗೆ ನೇರ ಇದೆ. ಕೆರೆ ಕಟ್ಟಿದವರೇ ಊರು ಕಟ್ಟಿದವರು.”

ಹೇಳಿದೆ. ದೊರೆ ಬಗ್ಗಿ ಕಲ್ಲನ್ನು ಮುಟ್ಟಿ ನೋಡಿದ, ಏರಿಯ ಮೇಲೆ ಹತ್ತಿ ತೂಬನ್ನೂ ನೋಡಿ ಬಂದ. ನಂಬಿದ. ಗೋಣಿಸಂದ್ರಕ್ಕೆ ಬೇರೆ ಜಾಗ ಕೊಡಲು ಅಲ್ಲೇ ಒಪ್ಪಿದ. ಜೀಪು ಹತ್ತುವಾಗ ಮಾತ್ರ, ಇದ್ದ ಊರನ್ನು ಇಲ್ಲವೆಂದು ಬರೆದ ಕೈಗೆ ಇನ್ನು ಮೇಲೆ ನಕ್ಷೆ ಕೊಡಲಾರೆ, ಈ ತಿಂಗಳಿಗೆ ನಿಮ್ಮ ಕೆಲಸ ಮುಗಿಯಿತು ಎಂದ. ಆ ಮಾತನ್ನು ಕನ್ನಡದಲ್ಲಿ ಅವರಿಗೆ ಹೇಳಬೇಕಾದವನೂ ನಾನೇ. ನನ್ನ ಜೀವನದಲ್ಲಿ ಅಷ್ಟು ನಿಧಾನವಾಗಿ ನಾನು ಯಾವ ವಾಕ್ಯವನ್ನೂ ಆಡಿಲ್ಲ.

“ಸರಿಯಾಗಿದೆ” ಎಂದರು ಅವರು. “ಹೊಸ ಜಾಗ ನೋಡೋ ತನಕ ಇರ್ಲಾ ಅಂತ ಕೇಳ್ರೀ.”

ಕಚೇರಿಗೆ ಬಂದು ಮೂಲ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ನಾನು ನನ್ನ ರಬ್ಬರನ್ನು ಜೇಬಿನೊಳಗೆ ಇಟ್ಟುಕೊಂಡೆ. ಬೇಚಿರಾಕ್ ಎಂಬ ಪದದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದರು, ಕೆಳಗಿನ ಪದ ಎಲ್ಲರಿಗೂ ಓದಲು ಬರುವಷ್ಟು ತೆಳುವಾಗಿ. ಪಕ್ಕದಲ್ಲಿ, “ಊರಿದೆ. ಮನೆ ಇಪ್ಪತ್ತಮೂರು. ತಪ್ಪು ನನ್ನದು” ಎಂದು ಬರೆದು ಸಹಿ ಮಾಡಿದರು. ಅಂದು ಸಂಜೆ ಚೊಂಬನ್ನು ಮೇಜಿನ ಮೇಲೇ ಮರೆತು ಹೋದರು. ಆರ್ಮುಗಂ ಅದನ್ನು ಹಲಸೂರಿನ ತನಕ ಓಡಿಕೊಂಡು ಹೋಗಿ ಕೊಟ್ಟು ಬಂದ.

ಹೊಸ ಜಾಗಕ್ಕೆ ಅವರು ಎರಡು ಕಡೆ ನೀರು ಸುರಿದು ಬೇಡವೆಂದರು, ಮೂರನೆಯದಕ್ಕೆ ಒಪ್ಪಿದರು. ವರ್ತೂರಿನ ದಾರಿಯಲ್ಲಿ, ಒಂದು ಮಾವಿನ ತೋಪಿನ ಪಕ್ಕ. ಗೋಣಿಸಂದ್ರದವರು ಬಾಗಿಲು, ತೊಲೆ, ಹೆಂಚು ಎಲ್ಲ ಬಿಚ್ಚಿಕೊಂಡು ಗಾಡಿಯಲ್ಲಿ ಸಾಗಿಸಿದರು. ಕರಗಲ್ಲನ್ನೂ ಅಗೆದು ತಂದು ನೆಟ್ಟರು.

ಕೆಲಸ ಹೋದಮೇಲೆ ಅವರು ಹೂಗಿಡಗಳಿಗೆ ಮರಳಿದರು. ಕಚೇರಿಯಲ್ಲಿ ಕೆಲವರು ನಕ್ಕರು. ತಪ್ಪೇ ಮಾಡದವರಂತೆ, ಎಂದರು. ಅವರ ಜೊತೆ ನಾನು ನಗಲಿಲ್ಲ ಎಂಬುದೊಂದೇ ನಾನು ಅವರಿಗೆ ಮಾಡಿದ ಉಪಕಾರ. ಪ್ರತಿ ವರ್ಷ ಯುಗಾದಿ ಕಳೆದ ಎರಡನೇ ಮಂಗಳವಾರ ಮಾತ್ರ ಅವರು ಚೊಂಬು ಹಿಡಿದು ಗೋಣಿಸಂದ್ರಕ್ಕೆ ಹೊರಡುತ್ತಿದ್ದರು. “ಮುನಿಯಮ್ಮನ ಕೈ ಸಾರು ತಿಂದು ಬರೋಕಾ?” ಎಂದು ನಾನು ರೇಗಿಸಿದರೆ, “ಹೌದು, ಸಾರಿಗೆ” ಎನ್ನುತ್ತಿದ್ದರು. ನಾನು ನಂಬಿದ್ದೆ.

ಈ ವರ್ಷ ಆ ಮಂಗಳವಾರ ಅವರು ಇರಲಿಲ್ಲ. ಅಲ್ಲಿಯವರಿಗೆ ಸುದ್ದಿ ಮುಟ್ಟಿಸುವವರೂ ಇರಲಿಲ್ಲ. ರಜೆ ಹಾಕಿ ನಾನೇ ಹೋದೆ.

ಊರಬಾಗಿಲಿಗೆ ಮುಳ್ಳು ಹಾಕಿತ್ತು. ಒಳಗೆ ಹೊಗೆ ಇಲ್ಲ, ನಾಯಿ ಇಲ್ಲ. ಅಂಗಳಗಳು ಹಸಿಯಾಗಿದ್ದವು. ತೋಪಿನ ಕಡೆ ನಡೆದೆ. ಇಡೀ ಊರು ಮರಗಳ ಕೆಳಗೆ ಒಲೆ ಹೂಡಿ ಅಡಿಗೆ ಮಾಡುತ್ತಿತ್ತು. ಮುನಿಯಮ್ಮನ ಬೆನ್ನು ಬಾಗಿತ್ತು, ಕಣ್ಣು ಮಾತ್ರ ಮೊದಲಿನದೇ.

“ಯಜಮಾನ್ರು ಹಿಂದೆ ಬರ್ತಾವ್ರಾ?” ಎಂದಳು.

ಹೇಳಿದೆ. ಅವಳು ಸೌಟು ಕೆಳಗಿಟ್ಟು ಕೂತಳು. ಆಮೇಲೆ ಅವಳೇ ಎದ್ದು, ಮರದ ಬುಡದಲ್ಲಿ ಮೊದಲೇ ಹಾಸಿಟ್ಟಿದ್ದ ಒಂದು ಎಲೆಯನ್ನು ತೋರಿಸಿ, “ಅವ್ರ ಎಲೆ. ನೀವು ಕುಂತ್ಕಳಿ, ಖಾಲಿ ಇರಬಾರ್ದು” ಎಂದಳು. ಉಂಡೆ.

ಹೊರಡಲು ಎದ್ದಾಗ ಬಿಸಿಲು ಇನ್ನೂ ಇತ್ತು. ಮುನಿಯಮ್ಮ ಆಶ್ಚರ್ಯದಿಂದ ನೋಡಿದಳು.

“ಈಗ್ಲೇ ಹೊರಟ್ರಾ ಸ್ವಾಮಿ? ಯಜಮಾನ್ರು ಹಂಗೆ ಹೋಗ್ತಿರ್ಲಿಲ್ಲ. ಉಂಡಾದ್ಮೇಲೆ ಅಗೋ, ಆ ಮುಳ್ಳಿನ ಹತ್ರ ಹೋಗಿ ಕುಂತ್ಕತಿದ್ರು. ನಾವು ಒಳಗೆ ಹೋಗಿ ಎಲ್ಲರ ಮನೇಲೂ ದೀಪ ಹಚ್ಚೋಗಂಟ ಕುಂತಿದ್ದು, ಎಣಿಸ್ಕೊಂಡು, ಆಮೇಲೇ ಎದ್ದೋಗೋರು.”

ಸಾರಿಗಾಗಿ ಹೋಗುತ್ತಾರೆಂದು ಇಷ್ಟು ವರ್ಷ ರೇಗಿಸುತ್ತಾ ಬಂದವನು ನಾನು. ಹೋಗಿ ಮುಳ್ಳಿನ ಪಕ್ಕದ ಕಲ್ಲಿನ ಮೇಲೆ ಕೂತೆ.

ಹೊತ್ತು ಮುಳುಗಿತು. ದನಗಳು ಬಂದವು, ಜನ ಬಂದರು, ಮುನಿಯಮ್ಮ ಮುಳ್ಳು ಸರಿಸಿದಳು. ಮೊದಲ ದೀಪ ಕರಗಲ್ಲಿನ ಮುಂದೆ ಇಟ್ಟಳು, ಎರಡನೆಯದು ತನ್ನ ಮನೆಯಲ್ಲಿ. ಆಮೇಲೆ ಒಂದೊಂದಾಗಿ ಬಾಗಿಲುಗಳಲ್ಲಿ ಬೆಳಕು ಕಂಡಿತು. ಮನೆಗಳನ್ನು ಎಣಿಸುತ್ತಾ ಹೋದೆ. ಇಪ್ಪತ್ತೆರಡಾಯಿತು. ಕಡೆಯ ಮನೆಯವರು ಎಣ್ಣೆ ಹುಡುಕುತ್ತಿದ್ದರೋ ಮಗುವನ್ನು ಸಮಾಧಾನ ಮಾಡುತ್ತಿದ್ದರೋ, ಬಹಳ ತಡವಾಯಿತು. ಬೈಯಪ್ಪನಹಳ್ಳಿ ದೂರ, ದಾರಿ ಕತ್ತಲೆ. ನಾನು ಏಳಲಿಲ್ಲ.